ಬಿಚ್ಚಿಟ್ಟ ಲೇಸು

ನಿನ್ನೆ ರಾತ್ರಿ ನಿದ್ದೆ ಬರಲಿಲ್ಲ. ಸುಮ್ನೆ ಅಬ್ರಹಾಂ ಬೋಸ್‌ನ ಚಿತ್ರಗಳನ್ನು ಮೊಬೈಲಲ್ಲಿ ಹಿಗ್ಗಿಸಿ ನೋಡುತ್ತಾ ಕೂತಿದ್ದೆ. ಫ್ರಾನ್ಸಿನ ತೂರ್ ಊರಿನ ದರ್ಜಿಯ ಮಗ ಇವನು. ಕತ್ತರಿ ಹಿಡಿಯಲಿಲ್ಲ, ತಾಮ್ರದ ತಗಡಿನ ಮೇಲೆ ಪ್ಯಾರಿಸ್ಸಿನವರ ಉಡುಗೆ ಕೊರೆದ.

1633ರಲ್ಲಿ ದುಬಾರಿ ಲೇಸು (ನೂಲಿನಲ್ಲಿ ಹೆಣೆದ ಜಾಲರಿ ಅಂಚು), ಜರಿ ಕಸೂತಿ ತೊಡಬಾರದು ಅಂತ ರಾಜನ ಆಜ್ಞೆ ಬಂತು. ಬೋಸ್ ಅದನ್ನೂ ಚಿತ್ರ ಮಾಡಿದ. ಸಾದಾ ಬಟ್ಟೆಯಲ್ಲಿ ನಿಂತ ಆಸ್ಥಾನದವನು, ಪಕ್ಕದಲ್ಲಿ ಅವನ ಹಳೇ ಶೋಕಿಯನ್ನೆಲ್ಲ ಎತ್ತಿಡುತ್ತಿರುವ ಆಳು. ನನ್ನ ಕಣ್ಣು ಮಾತ್ರ ಆ ಬಿಚ್ಚಿಟ್ಟ ಬಟ್ಟೆಯ ಮೇಲೇ! ದರ್ಜಿ ಮನೆಯ ಹುಡುಗ ಅಲ್ವಾ.

ಆಮೇಲೆ ಬೋಸ್ ಪ್ಯಾರಿಸ್ಸಿನ ಕಲಾಶಾಲೆ ರಾಯಲ್ ಅಕಾಡೆಮಿಯಲ್ಲಿ ಪಾಠ ಹೇಳಿದ, ಜಗಳವಾಗಿ 1661ರಲ್ಲಿ ಹೊರಬಿದ್ದ. ಅದಿರಲಿ, ಆ ಲೇಸನ್ನು ಮತ್ತೆ ಯಾವಾಗ ಹೊರಗೆ ತೆಗೆದರೋ?