ಬಿಪಿ ಮೆಷಿನ್‌ಗೂ ಲೈಸೆನ್ಸ್ ಇದೆ, ನೋಡಿ ಕೊಳ್ಳಿ

ಜಯನಗರದಲ್ಲಿ ಕೊಂಡರೂ ಆನ್‌ಲೈನಲ್ಲಿ ತರಿಸಿದರೂ, ಬಿಪಿ ಮೆಷಿನ್ ಡಬ್ಬಿ ಮೇಲೆ ತಯಾರಿಕೆ ಅಥವಾ ಆಮದು ಲೈಸೆನ್ಸ್ ನಂಬರ್ ಇದೆಯಾ ನೋಡಿ. ಕಫ್, ಅಂದರೆ ತೋಳಿಗೆ ಸುತ್ತುವ ಪಟ್ಟಿಯ ಅಳತೆಯನ್ನೂ ನೋಡಿ. ದಪ್ಪ ತೋಳಿಗೆ ಚಿಕ್ಕ ಕಫ್ ಸುತ್ತಿದರೆ ಬಿಪಿ ಇರುವುದಕ್ಕಿಂತ ಜಾಸ್ತಿ ತೋರಿಸುತ್ತೆ, ಬೇಡದ ಮಾತ್ರೆ ಶುರುವಾಗುತ್ತೆ.

ವೈದ್ಯಕೀಯ ಸಾಧನ ನಿಯಮಗಳು ಬಂದದ್ದು 2017ರಲ್ಲಿ. ಬಿಪಿ ಮೆಷಿನ್, ಥರ್ಮಾಮೀಟರ್, ಗ್ಲುಕೋಮೀಟರ್ 2020ರ ಜನವರಿಗೆ ಅದರಡಿ ಬರಬೇಕಿತ್ತು, ಒಂದು ವರ್ಷ ಮುಂದಕ್ಕೆ ಹೋಯಿತು. ಹೊರಗುಳಿದಿದ್ದ ಸಿ, ಡಿ ವರ್ಗದ, ಅಂದರೆ ಅಪಾಯ ಹೆಚ್ಚಿರುವ ಸಾಧನಗಳಿಗೆ ಲೈಸೆನ್ಸ್ ಕಡ್ಡಾಯವಾಗಿದ್ದು 2023ರ ಅಕ್ಟೋಬರಿನಲ್ಲಿ! ಈ ನಿಯಮಗಳಿಗೆ ಮೂಲವಾದ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆ ಇನ್ನೂ 1940ರದ್ದೇ. ಅದರಡಿ ವೆಂಟಿಲೇಟರ್ ಕೂಡ ಔಷಧದ ಲೆಕ್ಕ. ಮಾತ್ರೆಗೆ ಎಕ್ಸ್‌ಪೈರಿ ನೋಡಿದರಾಯಿತು, ಮೆಷಿನ್‌ಗೆ ಕ್ಯಾಲಿಬ್ರೇಷನ್ (ಅಳತೆ ಸರಿಯಿದೆಯಾ ಎಂಬ ಪರೀಕ್ಷೆ), ಸರ್ವಿಸ್, ಸಾಫ್ಟ್‌ವೇರ್ ಅಪ್‌ಡೇಟ್ ಎಲ್ಲ ಬೇಕು. ಸಾಧನಗಳಿಗೇ ಪ್ರತ್ಯೇಕ ಕಾಯ್ದೆ ಬೇಗ ಬರಲಿ. ಅಲ್ಲಿಯವರೆಗೆ ಮನೆಯ ಮೆಷಿನ್ ಅನ್ನು ವರ್ಷಕ್ಕೊಮ್ಮೆಯಾದರೂ ಡಾಕ್ಟರ್ ಹತ್ತಿರ ಒಯ್ದು, ಅವರ ರೀಡಿಂಗ್ ಜೊತೆ ತಾಳೆ ನೋಡಿ.