ಹೊಲದ ಮನೆಯಲ್ಲಿ ಜರ್ಮನ್ ಶೆಫರ್ಡ್: ಮೊದಲ ವರ್ಷದ ಸಾಕಣೆಯ ದಾಖಲೆ

ಹಿರಿಯೂರು ತಾಲ್ಲೂಕಿನ ನಮ್ಮ ಹೊಲದ ಮನೆಯಲ್ಲಿ ಬೆಳೆಯುತ್ತಿರುವ ಹೆಣ್ಣು ಜರ್ಮನ್ ಶೆಫರ್ಡ್ ಮಿಂಚುವಿನ ಪಾಲನೆಯನ್ನು ಆರಂಭದಿಂದಲೂ ಬರೆದಿಡುತ್ತಾ ಬಂದಿದ್ದೇನೆ. ಮೊದಲ ವರ್ಷ ಮುಗಿದಿರುವುದರಿಂದ ಆ ಟಿಪ್ಪಣಿಗಳನ್ನು ಇಲ್ಲಿ ಒಂದುಗೂಡಿಸಿದ್ದೇನೆ. ಈ ತಳಿಯ ಮನಸ್ಸು ಮತ್ತು ಮೈ ಒಂದೇ ವೇಗದಲ್ಲಿ ಬೆಳೆಯುವುದಿಲ್ಲ. ನಾಲ್ಕು ತಿಂಗಳಿಗೇ ಮನಸ್ಸು ಕೆಲಸ ಕೇಳತೊಡಗುತ್ತದೆ, ಆದರೆ ಮೂಳೆಗಳ ತುದಿಯಲ್ಲಿ ಬೆಳವಣಿಗೆ ನಡೆಯುವ ಮೃದ್ವಸ್ಥಿಯ ಪಟ್ಟಿಗಳು ಗಟ್ಟಿಯಾಗಿ ಮುಚ್ಚಿಕೊಳ್ಳಲು ಹನ್ನೆರಡರಿಂದ ಹದಿನೆಂಟು ತಿಂಗಳು ಬೇಕು. ಈ ಅಂತರವನ್ನು ಹೇಗೆ ನಿಭಾಯಿಸಬೇಕೆಂಬುದೇ ನನ್ನ ವರ್ಷವಿಡೀ ಕೆಲಸವಾಗಿತ್ತು.

ಮರಿಯ ಆಯ್ಕೆ

ನಮ್ಮ ಕಡೆ ಮರಿ ಮಾರುವವರು ‘ಡಬಲ್ ಕೋಟ್’, ‘ಡಬಲ್ ಬೋನ್’ ಎಂಬ ಮಾತುಗಳಿಂದಲೇ ಬೆಲೆ ಕಟ್ಟುತ್ತಾರೆ. ಜರ್ಮನ್ ಶೆಫರ್ಡ್ ನಾಯಿಗೆ ಒಳಗೂದಲು ಇರುವುದು ತಳಿಯ ಲಕ್ಷಣವೇ ಆಗಿರುವುದರಿಂದ ಮೊದಲನೆಯದು ವಿಶೇಷವಲ್ಲ, ಎರಡನೆಯದಕ್ಕೆ ಯಾವ ಅರ್ಥವೂ ಇಲ್ಲ. ಕೆನಲ್ ಕ್ಲಬ್ ಆಫ್ ಇಂಡಿಯಾದ ನೋಂದಣಿ ಪತ್ರ ವಂಶಾವಳಿಯನ್ನು ತಿಳಿಸುತ್ತದೆಯೇ ಹೊರತು ಈ ತಳಿಯಲ್ಲಿ ಸಡಿಲವಾಗಿ ಬೆಳೆದು ಸವೆಯುವ ಕಾಯಿಲೆಗೆ ತುತ್ತಾಗಬಹುದಾದ ಸೊಂಟದ ಕೀಲು ಹೇಗಿದೆಯೆಂಬುದನ್ನು ತಿಳಿಸುವುದಿಲ್ಲ. ಆದ್ದರಿಂದ ನಾನು ಕೇಳಿದ್ದು ತಂದೆ ತಾಯಿಯ ಸೊಂಟ ಮತ್ತು ಮೊಣಕೈಗಳ ಎಕ್ಸ್‌ರೇ, ಅದರ ಜೊತೆಗೆ ಡೀಜನರೇಟಿವ್ ಮೈಲೋಪಥಿ ಎಂಬ ಬೆನ್ನುಹುರಿಯ ಕಾಯಿಲೆಯ ಡಿಎನ್‌ಎ ಪರೀಕ್ಷೆಯ ಫಲಿತಾಂಶ. ಈ ಕಾಯಿಲೆಯಲ್ಲಿ ಸಾಮಾನ್ಯವಾಗಿ ಎಂಟು ವರ್ಷ ದಾಟಿದ ನಾಯಿಯ ಹಿಂಗಾಲುಗಳು ನೋವಿಲ್ಲದೆ ನಿಧಾನವಾಗಿ ಶಕ್ತಿ ಕಳೆದುಕೊಳ್ಳುತ್ತವೆ. ಇದಕ್ಕೆ ಸಂಬಂಧಿಸಿದ ಎಸ್‌ಒಡಿ1 ಜೀನಿನ ಬದಲಾವಣೆ 2009ರಲ್ಲಿ ಪತ್ತೆಯಾದ ಮೇಲೆ, ಎರಡೂ ಕಡೆಯಿಂದ ದೋಷ ಮರಿಗೆ ಬರದಂತೆ ಜೋಡಿ ಮಾಡುವುದು ಸಾಧ್ಯವಾಗಿದೆ.

ಕಾಗದಗಳಷ್ಟೇ ಮುಖ್ಯವಾದದ್ದು ತಾಯಿಯ ಸ್ವಭಾವ. ಅಪರಿಚಿತನಾದ ನಾನು ಅಂಗಳಕ್ಕೆ ಹೋದಾಗ ಅದು ಎದ್ದು ನಿಂತು, ಎರಡು ಸಲ ಬೊಗಳಿ, ಯಜಮಾನರ ಮಾತು ಕೇಳಿದ ಮೇಲೆ ದೂರದಲ್ಲಿ ಕುಳಿತು ನನ್ನನ್ನು ನೋಡುತ್ತಲೇ ಇತ್ತು. ಹೆದರಿ ಮೂಲೆ ಸೇರುವ ಅಥವಾ ಸರಪಳಿ ಕಿತ್ತುಕೊಂಡು ಬರುವ ತಾಯಿಯಾಗಿದ್ದರೆ ನಾನು ಮರಿ ತರುತ್ತಿರಲಿಲ್ಲ. ಬೆನ್ನು ವಿಪರೀತ ಇಳಿಜಾರಾಗಿ ಹಿಂಭಾಗ ನೆಲಕ್ಕೆ ಹತ್ತಿರವಾದಂತೆ ಕಾಣುವ ವಂಶದ ಸಾಲುಗಳನ್ನೂ ಬಿಟ್ಟೆ. ಪ್ರದರ್ಶನದ ಅಂಗಳದಲ್ಲಿ ಮೆಚ್ಚುಗೆ ಪಡೆದ ಆ ಆಕಾರ ದಿನವಿಡೀ ನಡೆಯುವ ನಾಯಿಗೆ ಹೊಂದುವುದಿಲ್ಲವೆಂಬುದು ನನ್ನ ಖಚಿತ ಅಭಿಪ್ರಾಯ.

ಸಂಕ್ರಾಂತಿಯಿಂದ ಯುಗಾದಿಯವರೆಗೆ

ಎಂಟು ವಾರದ ಮರಿ ಮನೆಗೆ ಬಂದಾಗ ಎದುರಾದ ಮೊದಲ ಇಕ್ಕಟ್ಟು ಲಸಿಕೆ ಮತ್ತು ಲೋಕಪರಿಚಯಗಳ ನಡುವಿನದು. ಪಾರ್ವೊ ಮತ್ತು ಡಿಸ್ಟೆಂಪರ್ ಎಂಬ ಮಾರಕ ವೈರಸ್ ರೋಗಗಳ ವಿರುದ್ಧದ ಲಸಿಕೆಯ ಸರಣಿ ಮುಗಿಯುವುದು ಮರಿಗೆ ಹದಿನಾರು ವಾರ ತುಂಬಿದಾಗ. ಆದರೆ ಹೊಸ ಮನುಷ್ಯರು, ಸದ್ದುಗಳು ಮತ್ತು ಪ್ರಾಣಿಗಳನ್ನು ಭಯವಿಲ್ಲದೆ ಒಪ್ಪಿಕೊಳ್ಳುವ ಕಾಲ ಹನ್ನೆರಡರಿಂದ ಹದಿನಾಲ್ಕು ವಾರಗಳೊಳಗೇ ಬಹುಪಾಲು ಮುಗಿಯುತ್ತದೆ. ಹುಟ್ಟಿನಿಂದಲೇ ಅನುಮಾನದ ಸ್ವಭಾವವಿರುವ ಈ ತಳಿಯ ಮರಿಯನ್ನು ಆ ಅವಧಿಯಲ್ಲಿ ಕಾಂಪೌಂಡಿನೊಳಗೇ ಕಟ್ಟಿಹಾಕಿದರೆ, ಮುಂದೆ ಕಾಣುವ ಹೊಸದೆಲ್ಲವೂ ಅದಕ್ಕೆ ಶತ್ರುವಾಗುತ್ತದೆ. ನಾನು ಮರಿಯನ್ನು ನೆಲಕ್ಕೆ ಬಿಡದೆ ತೋಳಿನಲ್ಲೇ ಎತ್ತಿಕೊಂಡು ಸಂತೆಗೆ, ಬಸ್ ನಿಲ್ದಾಣಕ್ಕೆ, ಹಿಟ್ಟಿನ ಗಿರಣಿಗೆ ಹೋಗಿಬರುತ್ತಿದ್ದೆ. ಟ್ರ್ಯಾಕ್ಟರ್, ಜಾತ್ರೆಯ ಡೊಳ್ಳು, ಕೊಡೆ ಬಿಚ್ಚುವ ಸದ್ದು, ಕೋಲೂರಿ ನಡೆಯುವ ಹಿರಿಯರು, ಹೆಲ್ಮೆಟ್ ಧರಿಸಿದವರು, ಎಲ್ಲವೂ ಅವಳ ಕಣ್ಣಿಗೆ ಬೀಳಬೇಕಿತ್ತು. ಎಲ್ಲರ ಬಳಿಯೂ ಬಾಲ ಅಲ್ಲಾಡಿಸುವ ನಾಯಿ ನನಗೆ ಬೇಕಿರಲಿಲ್ಲ, ಎಲ್ಲರನ್ನೂ ಶಾಂತವಾಗಿ ಗಮನಿಸಬಲ್ಲ ನಾಯಿ ಬೇಕಿತ್ತು. ಆದ್ದರಿಂದ ಯಾರ ಕೈಗೂ ಬಲವಂತವಾಗಿ ಕೊಡದೆ, ನೋಡಿ ಸುಮ್ಮನಿದ್ದಾಗಲೆಲ್ಲ ಒಂದು ತುಣುಕು ಬೇಯಿಸಿದ ಕೋಳಿ ಕೊಟ್ಟು ಆ ಶಾಂತಿಗೇ ಬೆಲೆ ತಂದೆ. ಮೂರು ತಿಂಗಳು ತುಂಬಿದಾಗ ರೇಬಿಸ್ ಲಸಿಕೆಯೂ ಆಯಿತು.

ಆಹಾರ ಮತ್ತು ಕ್ಯಾಲ್ಸಿಯಂ

ಈ ವಿಷಯದಲ್ಲಿ ನಮ್ಮ ಊರುಗಳಲ್ಲಿ ನಡೆಯುವುದನ್ನು ನೋಡಿದಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ. ದೊಡ್ಡ ತಳಿಯ ಮರಿ ಎಂದಾಕ್ಷಣ ಕ್ಯಾಲ್ಸಿಯಂ ಸಿರಪ್ಪಿನ ಬಾಟಲಿ ಮನೆಗೆ ಬರುತ್ತದೆ, ಕಿವಿ ನಿಲ್ಲಲಿಲ್ಲವೆಂದರೆ ಇನ್ನೊಂದು ಬಾಟಲಿ ಬರುತ್ತದೆ. ಸುಮಾರು ಆರು ತಿಂಗಳೊಳಗಿನ ಮರಿಯ ಕರುಳಿಗೆ ಹೆಚ್ಚಾದ ಕ್ಯಾಲ್ಸಿಯಂ ಅನ್ನು ಸರಿಯಾಗಿ ತಡೆದು ನಿಲ್ಲಿಸುವ ಸಾಮರ್ಥ್ಯ ಇರುವುದಿಲ್ಲ. ಕೊಟ್ಟದ್ದರ ದೊಡ್ಡ ಪಾಲು ರಕ್ತಕ್ಕೆ ಸೇರಿ, ಮೃದ್ವಸ್ಥಿ ಮೂಳೆಯಾಗುವ ಸಹಜ ಕ್ರಮವನ್ನೇ ಕೆಡಿಸುತ್ತದೆ, ಕಾಲುಗಳು ಸೊಟ್ಟಗಾಗುತ್ತವೆ, ಕೀಲುಗಳು ಹಾಳಾಗುತ್ತವೆ. ಇದಕ್ಕೆ ವಿರುದ್ಧವಾದ ಅಪಾಯ ಬರೀ ಅನ್ನ ಮತ್ತು ಮೂಳೆಯಿಲ್ಲದ ಮಾಂಸ ಹಾಕುವ ಮನೆಗಳಲ್ಲಿದೆ. ಅಲ್ಲಿ ರಂಜಕ ಹೆಚ್ಚಾಗಿ ಕ್ಯಾಲ್ಸಿಯಂ ಸಾಲದಾಗುವುದರಿಂದ, ದೇಹವು ಮೂಳೆಯಿಂದಲೇ ಅದನ್ನು ಕಿತ್ತುಕೊಳ್ಳುತ್ತದೆ.

ರಾಗಿಯ ವಿಷಯವನ್ನೂ ಇಲ್ಲೇ ಹೇಳಬೇಕು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ನಮ್ಮ ನಾಡಿನ ನಾಯಿಗಳು ತಲೆತಲಾಂತರದಿಂದ ಮುದ್ದೆ ಮತ್ತು ಅಂಬಲಿ ಉಂಡೇ ಬದುಕಿವೆ, ನನಗೆ ಅದರ ಮೇಲೆ ಗೌರವವಿದೆ. ಆದರೂ ದೊಡ್ಡ ತಳಿಯ ಮರಿಗಳಿಗಾಗಿಯೇ ತಯಾರಿಸಿದ, ಕ್ಯಾಲ್ಸಿಯಂ ಮತ್ತು ರಂಜಕಗಳ ಪ್ರಮಾಣ ಲೆಕ್ಕ ಹಾಕಿದ ಆಹಾರವನ್ನು ಮುಖ್ಯವಾಗಿಟ್ಟುಕೊಂಡ ಮೇಲೆ, ಅದಕ್ಕೆ ಅರ್ಧ ಪಾತ್ರೆ ಮುದ್ದೆ ಸೇರಿಸಿದರೆ ಆ ಲೆಕ್ಕವೇ ತಪ್ಪುತ್ತದೆ. ಹಾಗಾಗಿ ಮಿಂಚುವಿಗೆ ಮೊದಲ ವರ್ಷ ಮುದ್ದೆ ರುಚಿಗಷ್ಟೇ ಸಿಕ್ಕಿತು.

ಎಷ್ಟು ಹಾಕಬೇಕೆಂಬುದಕ್ಕೆ ನಾನು ಚೀಲದ ಮೇಲಿನ ಪಟ್ಟಿಗಿಂತ ಕೈಬೆರಳನ್ನು ನಂಬಿದೆ. ಪಕ್ಕೆಲುಬುಗಳು ಕಣ್ಣಿಗೆ ಎದ್ದು ಕಾಣಬಾರದು, ಆದರೆ ಹಗುರವಾಗಿ ಕೈಯಾಡಿಸಿದರೆ ಒಂದೊಂದಾಗಿ ಸಿಗಬೇಕು, ಮೇಲಿನಿಂದ ನೋಡಿದರೆ ಸೊಂಟ ಒಳಸರಿದಿರಬೇಕು. ಲ್ಯಾಬ್ರಡಾರ್ ನಾಯಿಗಳ ಮೇಲೆ ಜೀವಮಾನವಿಡೀ ನಡೆಸಿ 2002ರಲ್ಲಿ ಪ್ರಕಟವಾದ, ನಾಯಿ ಆಹಾರ ತಯಾರಿಸುವ ಪ್ಯೂರಿನಾ ಕಂಪನಿಯ ಅಧ್ಯಯನದಲ್ಲಿ, ಜೊತೆಯ ನಾಯಿಗಿಂತ ಕಾಲು ಭಾಗ ಕಡಿಮೆ ಉಂಡವು ಸರಾಸರಿ ಎರಡು ವರ್ಷಕ್ಕೆ ಸಮೀಪದಷ್ಟು ಹೆಚ್ಚು ಬದುಕಿದವು, ಅವುಗಳಲ್ಲಿ ಸೊಂಟದ ಕೀಲಿನ ಸವೆತವೂ ತಡವಾಗಿ ಕಾಣಿಸಿತು. ‘ಇನ್ನೂ ಸ್ವಲ್ಪ ತುಂಬಿಕೊಳ್ಳಲಿ’ ಎನ್ನುವ ನೆಂಟರಿಗೆ ನಾನು ಇದನ್ನೇ ತಾಳ್ಮೆಯಿಂದ ಹೇಳುತ್ತಾ ಬಂದಿದ್ದೇನೆ. ಕಿವಿಗಳು ಹಲ್ಲು ಬದಲಾಗುವ ಕಾಲದಲ್ಲಿ ಒಮ್ಮೆ ನಿಂತು, ಮತ್ತೆ ಬಾಗಿ, ಆರನೇ ತಿಂಗಳ ಹೊತ್ತಿಗೆ ಯಾವ ಸಿರಪ್ಪಿನ ಸಹಾಯವೂ ಇಲ್ಲದೆ ನೆಟ್ಟಗಾದವು.

ಬದುವಿನ ಮೇಲಿನ ನಡಿಗೆ

ಐದನೇ ತಿಂಗಳಲ್ಲಿ ಮಿಂಚು ಓಡುವ ಮಕ್ಕಳ ಹಿಮ್ಮಡಿಗೆ ಬಾಯಿ ಹಾಕತೊಡಗಿದಳು. ಇದು ಸಿಟ್ಟಲ್ಲ, ಚದುರುವುದನ್ನು ಒಂದೆಡೆ ಸೇರಿಸುವ ಹುಟ್ಟುಗುಣ. ಈ ಗುಣದ ಮೂಲ ಜರ್ಮನಿಯ ಬೇಲಿಯಿಲ್ಲದ ಹೊಲಗಳಲ್ಲಿದೆ. ಅಲ್ಲಿ ಪೈರಿನ ನಡುವಿನ ಹುಲ್ಲಿನ ಪಟ್ಟಿಗಳಲ್ಲಿ ಕುರಿ ಮೇಯುವಾಗ, ನಾಯಿ ಅಂಚಿನ ನೇಗಿಲಸಾಲಿನ ಉದ್ದಕ್ಕೂ ಹಿಂದೆ ಮುಂದೆ ತಿರುಗುತ್ತಾ ಜೀವಂತ ಬೇಲಿಯಾಗಿ ನಿಲ್ಲಬೇಕಿತ್ತು. ಅಶ್ವದಳದ ಅಧಿಕಾರಿಯಾಗಿದ್ದ ಮ್ಯಾಕ್ಸ್ ಫಾನ್ ಸ್ಟೆಫಾನಿಟ್ಸ್ 1899ರಲ್ಲಿ ಕೊಂಡು ಹೊರಾಂಡ್ ಫಾನ್ ಗ್ರಾಫ್ರಾತ್ ಎಂದು ಹೆಸರಿಟ್ಟ ನಾಯಿಯೇ ತಳಿಯ ಮೊದಲ ನೋಂದಾಯಿತ ನಾಯಿ. ಅದೇ ವರ್ಷದ ಏಪ್ರಿಲ್‌ನಲ್ಲಿ ಅವನು ಜೊತೆಗಾರರೊಂದಿಗೆ ತಳಿಯ ಸಂಘವನ್ನೂ ಕಟ್ಟಿದ. ದಣಿಯದೆ ಕುಕ್ಕುಲೋಟದಲ್ಲಿ ಸಾಗಬಲ್ಲ, ಎತ್ತರಕ್ಕಿಂತ ಸ್ವಲ್ಪ ಉದ್ದವಾದ ಮೈ ರೂಪುಗೊಂಡದ್ದು ಈ ಗಡಿ ಕಾಯುವ ಕೆಲಸಕ್ಕಾಗಿಯೇ.

ಗದರಿಸಿ ಈ ಗುಣವನ್ನು ಅಡಗಿಸುವುದಕ್ಕಿಂತ ಅದಕ್ಕೆ ತಕ್ಕ ಕೆಲಸ ಕೊಡುವುದು ಸರಿಯೆನಿಸಿತು. ನಮ್ಮ ಹೊಲದ ಬದು ಆ ನೇಗಿಲಸಾಲಿನ ಜಾಗ ತುಂಬಿತು. ಬೆಳಗಿನ ತಂಪಿನಲ್ಲಿ ಉದ್ದನೆಯ ಹಗ್ಗ ಹಾಕಿ ಬದುವಿನ ಮೇಲೆಯೇ ನಡೆಯುವುದು, ಪೈರಿಗೆ ಇಳಿಯದಿರುವುದು, ಮೂಲೆ ಬಂದಾಗ ನಿಂತು ನನ್ನ ಕಡೆ ನೋಡುವುದು, ಸನ್ನೆ ಸಿಕ್ಕ ಮೇಲೆ ತಿರುಗುವುದು, ಇಷ್ಟೇ ಪಾಠ. ನಡಿಗೆ ಮೆತ್ತನೆಯ ಮಣ್ಣಿನ ಮೇಲೆ, ಅವಳದೇ ವೇಗದಲ್ಲಿ, ನೆಗೆತವಾಗಲಿ ಚೆಂಡಿನ ಹಿಂದೆ ಹಠಾತ್ ತಿರುವಾಗಲಿ ಇಲ್ಲದೆ ನಡೆಯುವುದರಿಂದ ಕೀಲುಗಳಿಗೆ ಆಘಾತವಾಗುವುದಿಲ್ಲ, ಮನಸ್ಸಿಗೆ ಮಾತ್ರ ಗಡಿ, ನಿಯಮ, ಜವಾಬ್ದಾರಿ ಎಲ್ಲವೂ ಸಿಗುತ್ತವೆ. ಇದರ ಜೊತೆಗೆ ಗೋಣಿಚೀಲಗಳ ನಡುವೆ ವಸ್ತು ಹುಡುಕುವ ಮೂಗಿನ ಆಟವನ್ನೂ ಸೇರಿಸಿದೆ. ಹದಿನೈದು ನಿಮಿಷದ ಹುಡುಕಾಟದ ಬಳಿಕ ಅವಳು ಮಲಗುವ ರೀತಿ, ಗಂಟೆಗಟ್ಟಲೆ ಓಡಿಸಿದರೂ ಬಾರದ ತೃಪ್ತಿಯದು. ಮಕ್ಕಳ ಹಿಮ್ಮಡಿಯ ಮೇಲಿನ ಆಸಕ್ತಿ ಮುಂಗಾರಿನ ಹೊತ್ತಿಗೆ ಬಹುತೇಕ ನಿಂತಿತು, ಆದರೂ ಓಡಾಟದ ಆಟಗಳಲ್ಲಿ ಅವಳನ್ನು ದೊಡ್ಡವರಿಲ್ಲದೆ ಬಿಡುವುದಿಲ್ಲ.

ಮನೆಯೊಳಗಿನ ನುಣುಪು ಟೈಲ್ಸ್ ಮೇಲೆ ಅವಳು ಮಲಗುವ ಮತ್ತು ತಿರುಗುವ ಜಾಗಗಳಿಗೆಲ್ಲ ನಾರಿನ ಚಾಪೆ ಹಾಸಿದೆ. ಸಡಿಲವಾದ ಸೊಂಟದ ಕೀಲಿರುವ ಮರಿಗೆ ದಿನಕ್ಕೆ ಹತ್ತಾರು ಸಲ ಹಿಂಗಾಲು ಜಾರುವುದು ಸಣ್ಣ ವಿಷಯವಲ್ಲ.

ಮುಂಗಾರು ಮತ್ತು ಉಣ್ಣೆ ಹುಳು

ನಮ್ಮ ವಾತಾವರಣದಲ್ಲಿ ಈ ತಳಿಗೆ ಸೊಂಟದ ಕಾಯಿಲೆಗಿಂತ ಬೇಗ ಅಪಾಯ ತರುವುದು ರಕ್ತ ಹೀರುವ ಉಣ್ಣೆ ಹುಳು. ಕಂದು ಉಣ್ಣೆ ಹರಡುವ ಎರ್ಲಿಕಿಯಾ ಕ್ಯಾನಿಸ್ ಎಂಬ ಬ್ಯಾಕ್ಟೀರಿಯಾ ಬಿಳಿ ರಕ್ತಕಣಗಳನ್ನು ಹೊಕ್ಕು, ಜ್ವರ, ಊಟ ಬಿಡುವುದು, ಪ್ಲೇಟ್‌ಲೆಟ್ ಕುಸಿತ, ಕೆಲವೊಮ್ಮೆ ಮೂಗಿನಿಂದ ರಕ್ತ, ಹೀಗೆ ಮುಂದುವರಿಯುತ್ತದೆ. ಚಿಕಿತ್ಸೆಯಾಗದೆ ಉಳಿದರೆ ತಿಂಗಳುಗಳ ಬಳಿಕ ಅಸ್ಥಿಮಜ್ಜೆಯನ್ನೇ ಬರಿದುಮಾಡಬಹುದು. ಬೇರೆ ಹಲವು ತಳಿಗಳಿಗಿಂತ ಜರ್ಮನ್ ಶೆಫರ್ಡ್ ನಾಯಿಗಳಲ್ಲಿ ಈ ರೋಗ ಹೆಚ್ಚು ಉಗ್ರವಾಗುತ್ತದೆ. ವಿಯೆಟ್ನಾಂ ಯುದ್ಧಕಾಲದಲ್ಲಿ ಅಮೆರಿಕ ಸೇನೆಯ ನಾಯಿಗಳನ್ನು ದೊಡ್ಡ ಸಂಖ್ಯೆಯಲ್ಲಿ ಕೊಂದದ್ದು ಇದೇ ರೋಗ, ಆ ನಾಯಿಗಳಲ್ಲಿ ಬಹುಪಾಲು ಇದೇ ತಳಿಯವು. ಇದಕ್ಕೆ ಲಸಿಕೆಯಿಲ್ಲ. ಪರೀಕ್ಷೆಯಲ್ಲಿ ಖಚಿತವಾದರೆ ವೈದ್ಯರು ಸಾಮಾನ್ಯವಾಗಿ ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯೋಟಿಕ್ ಅನ್ನು 28 ದಿನ ಕೊಡುತ್ತಾರೆ, ಜ್ವರ ಇಳಿಯಿತೆಂದು ನಡುವೆ ನಿಲ್ಲಿಸಬಾರದು.

ನಾನು ಎರಡು ಕಡೆಯಿಂದ ತಡೆ ಹಾಕಿದೆ. ವೈದ್ಯರು ತೂಕ ನೋಡಿ ಬರೆದುಕೊಟ್ಟ ಉಣ್ಣೆ ನಿವಾರಕ ಮಾತ್ರೆ ತಪ್ಪದೆ ನಡೆಯುತ್ತದೆ. ಅದರ ಜೊತೆಗೆ, ಈ ಉಣ್ಣೆ ತನ್ನ ಬದುಕಿನ ಹೆಚ್ಚಿನ ಭಾಗವನ್ನು ನಾಯಿಯ ಮೈಮೇಲಲ್ಲ, ಗೋಡೆಯ ಬಿರುಕುಗಳಲ್ಲಿ ಕಳೆಯುವುದರಿಂದ, ಮಳೆಗೆ ಮೊದಲು ಕೊಟ್ಟಿಗೆಯ ಕಲ್ಲುಗೋಡೆಯ ಸಂದುಗಳನ್ನು ಗಾರೆಯಿಂದ ಮುಚ್ಚಿಸಿ ಸುಣ್ಣ ಹೊಡೆಸಿದೆ. ಪ್ರತಿ ಸಂಜೆ ಕಿವಿಯ ಒಳಗೆ, ಬೆರಳ ಸಂದಿನಲ್ಲಿ, ಕೊರಳಪಟ್ಟಿಯ ಅಡಿಯಲ್ಲಿ ಕೈಯಾಡಿಸಿ ನೋಡುವುದು ಅಭ್ಯಾಸವಾಗಿದೆ. ದನಕ್ಕೆ ಹಾಕುವ ಉಣ್ಣೆಯ ಔಷಧಿಯನ್ನು ನಾಯಿಗೆ ಸುರಿಯುವುದು, ಕುರಿಗೆ ಕೊಡುವ ಐವರ್‌ಮೆಕ್ಟಿನ್ ಎಂಬ ಹುಳುನಾಶಕ ಔಷಧಿ ಚುಚ್ಚುವುದು ನಮ್ಮ ಹಳ್ಳಿಗಳಲ್ಲಿ ಸಾಮಾನ್ಯ. ಕುರಿ ಕಾಯುವ ತಳಿಗಳ ಕೆಲವು ನಾಯಿಗಳಲ್ಲಿ ಎಂಡಿಆರ್1 ಎಂಬ ಜೀನಿನ ದೋಷವಿದ್ದು, ಅಂಥವುಗಳ ಮೆದುಳಿಗೆ ಆ ಪ್ರಮಾಣ ವಿಷವಾಗುತ್ತದೆ. ಈ ದೋಷ ಕೋಲಿ ಎಂಬ ತಳಿಯ ನಾಯಿಗಳಲ್ಲಿ ಹೆಚ್ಚು, ಶೆಫರ್ಡ್‌ಗಳಲ್ಲಿ ಕಡಿಮೆಯಾದರೂ ಇದೆ.

ಕುಂಟು

ಎಂಟನೇ ತಿಂಗಳಲ್ಲಿ ಮುಂಗಾಲು ಕುಂಟತೊಡಗಿ, ಕೆಲವು ವಾರಗಳ ನಂತರ ಅದು ವಾಸಿಯಾಗಿ, ಹಿಂಗಾಲಿಗೆ ಸರಿಯಿತು. ಬಿದ್ದ ಗುರುತಿಲ್ಲ, ಕೀಲಿನಲ್ಲಿ ಊತವಿಲ್ಲ, ಉದ್ದ ಮೂಳೆಯ ನಡುಭಾಗ ಒತ್ತಿದರೆ ಮಾತ್ರ ಮುಖ ತಿರುಗಿಸುತ್ತಿದ್ದಳು. ಎಕ್ಸ್‌ರೇ ನೋಡಿದ ವೈದ್ಯರು ಪ್ಯಾನೋಸ್ಟೈಟಿಸ್ ಎಂದರು. ಐದರಿಂದ ಹದಿನೆಂಟು ತಿಂಗಳ ನಡುವೆ ಈ ತಳಿಯಲ್ಲಿ ಹೆಚ್ಚಾಗಿ ಕಾಣುವ, ಕಾಲಿನಿಂದ ಕಾಲಿಗೆ ಸರಿಯುವ, ತಾನಾಗಿಯೇ ಮಾಯುವ ಮೂಳೆನೋವಿದು. ನೋವಿಗೆ ಔಷಧಿ ಮತ್ತು ವಿಶ್ರಾಂತಿ ಸಾಕಾಯಿತು. ಆ ದಿನಗಳಲ್ಲಿ ಬದುವಿನ ನಡಿಗೆಯನ್ನು ನಿಲ್ಲಿಸಿ ಮೂಗಿನ ಆಟವನ್ನು ಹೆಚ್ಚಿಸಿದ್ದರಿಂದ ಅವಳ ಮನಸ್ಸು ಕೆಡಲಿಲ್ಲ. ಮನೆಯಲ್ಲಿರುವ ಮನುಷ್ಯರ ನೋವಿನ ಮಾತ್ರೆಯನ್ನು ನಾಯಿಗೆ ಯಾರೂ ಕೊಡಬಾರದು, ಐಬುಪ್ರೊಫೇನ್ ಅವುಗಳ ಹೊಟ್ಟೆ ಮತ್ತು ಮೂತ್ರಪಿಂಡಗಳಿಗೆ ಅಪಾಯಕಾರಿ.

ಸಂತಾನಹರಣ ಶಸ್ತ್ರಚಿಕಿತ್ಸೆಯನ್ನು ಮುಂದೂಡಲು ಕಾರಣವೂ ಮೂಳೆಯೇ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದವರು ಈ ತಳಿಯ ಮೇಲೆಯೇ ನಡೆಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ವರ್ಷದೊಳಗೆ ಶಸ್ತ್ರಚಿಕಿತ್ಸೆಯಾದವುಗಳಲ್ಲಿ ಕೀಲಿನ ತೊಂದರೆ, ಆಗದವುಗಳಿಗಿಂತ ಸುಮಾರು ಮೂರು ಪಟ್ಟು ಕಂಡುಬಂದಿತ್ತು. ತಡಮಾಡಿದರೆ ಗರ್ಭಕೋಶದ ಕೀವು ಮತ್ತು ಸ್ತನಗ್ರಂಥಿಯ ಗೆಡ್ಡೆಯ ಸಾಧ್ಯತೆ ಏರುತ್ತದೆಂಬುದೂ ನಿಜವಾದ್ದರಿಂದ, ಅನಿರ್ದಿಷ್ಟ ಕಾಲಕ್ಕೆ ಮುಂದೂಡಿಲ್ಲ. ಎರಡನೇ ಬೆದೆಯ ನಂತರ ಎಂದು ವೈದ್ಯರೊಂದಿಗೆ ನಿಶ್ಚಯಿಸಿದ್ದೇವೆ.

ಸುಗ್ಗಿಯ ನಂತರ, ಈಗಿನ ಸ್ಥಿತಿ

ಕೊಯ್ಲಾದ ಹೊಲದಲ್ಲಿ ಗೊಬ್ಬರಕ್ಕಾಗಿ ಕುರಿಮಂದೆ ನಿಲ್ಲಿಸಿದಾಗ ಮಿಂಚು ಮೊದಲ ಬಾರಿಗೆ ಕುರಿಗಳನ್ನು ಹತ್ತಿರದಿಂದ ಕಂಡಳು. ಕುರಿಗಾಹಿಗಳ ನಾಯಿಗಳ ಕೆಲಸವೇ ಬೇರೆ. ಅವು ಮಂದೆಯೊಂದಿಗೇ ಇದ್ದು ರಾತ್ರಿ ತೋಳವನ್ನು ತಡೆಯುತ್ತವೆ, ಕುರಿ ತಿರುಗಿಸುವುದು ಕುರಿಗಾಹಿಯ ಕೂಗು ಮತ್ತು ಕೋಲು. ಅವುಗಳ ಜಾಗಕ್ಕೆ ನನ್ನ ನಾಯಿಯನ್ನು ನುಗ್ಗಿಸುವುದು ಸಲ್ಲದ್ದರಿಂದ, ಕುರಿಗಾಹಿಗಳ ಒಪ್ಪಿಗೆ ಪಡೆದು, ಹಗ್ಗ ಹಿಡಿದು, ದೂರದ ಬದುವಿನ ಮೇಲಷ್ಟೇ ನಡೆಸಿದೆ. ಅವಳು ಬೊಗಳಲಿಲ್ಲ, ಎಳೆಯಲಿಲ್ಲ. ತಲೆ ತುಸು ತಗ್ಗಿಸಿ, ಮಂದೆಯ ಅಂಚಿಗೆ ಸಮಾನಾಂತರವಾಗಿ ಬದುವಿನ ಕೊನೆಯವರೆಗೂ ಹೋಗಿ, ತಾನೇ ತಿರುಗಿ ಬಂದಳು. ಯಾರ ಸನ್ನೆಯೂ ಇಲ್ಲದ ಆ ತಿರುವನ್ನು ನೋಡಿ ನನಗಾದ ಸಂತೋಷವನ್ನು ಇಲ್ಲಿ ದಾಖಲಿಸಲೇಬೇಕು.

ಈಗ ಅವಳ ತೂಕ 26 ಕಿಲೋ, ಹೆಣ್ಣಿಗೆ ತಳಿಯ ಮಾನದಂಡ ಹೇಳುವ 22ರಿಂದ 32 ಕಿಲೋಗಳ ನಡುವೆ ಸಮಾಧಾನಕರ ಜಾಗದಲ್ಲಿದೆ. ವರ್ಷ ತುಂಬಿದಾಗ ತೆಗೆಸಿದ ಪ್ರಾಥಮಿಕ ಎಕ್ಸ್‌ರೇಯಲ್ಲಿ ಎರಡೂ ಸೊಂಟದ ಗುಂಡುಗಳು ತಮ್ಮ ಬಟ್ಟಲಿನಲ್ಲಿ ಚೆನ್ನಾಗಿ ಕುಳಿತಿವೆ. ಅಂತಿಮ ಶ್ರೇಣಿಗಾಗಿ ಎರಡು ವರ್ಷ ತುಂಬಿದ ಮೇಲೆ ಮತ್ತೊಮ್ಮೆ ತೆಗೆಸಬೇಕು. ಬೇಸಿಗೆ ಹತ್ತಿರವಾಗಿರುವುದರಿಂದ ನಡಿಗೆಯನ್ನು ಸೂರ್ಯೋದಯಕ್ಕೆ ಮೊದಲೇ ಮುಗಿಸುತ್ತಿದ್ದೇವೆ. ಕೂದಲು ಬೋಳಿಸುವ ಸಲಹೆಯನ್ನು ಒಪ್ಪಿಲ್ಲ, ಉದುರುವ ಒಳಗೂದಲನ್ನು ದಿನವೂ ಬಾಚಿ ತೆಗೆದರೆ ಗಾಳಿಯಾಡುತ್ತದೆ, ಹೊರಗೂದಲು ಬಿಸಿಲನ್ನು ತಡೆಯುತ್ತದೆ. ಆಳವಾದ ಎದೆಯ ತಳಿಯಲ್ಲಿ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಅಪಾಯವಿರುವುದರಿಂದ ಊಟವನ್ನು ಎರಡು ಹೊತ್ತಿಗೆ ಹಂಚಿ, ಉಂಡ ಮೇಲೆ ವಿಶ್ರಾಂತಿ ಕೊಡುತ್ತೇನೆ. ಬರಿ ವಾಂತಿಯ ಪ್ರಯತ್ನ ಮತ್ತು ಬಿಗಿದ ಹೊಟ್ಟೆ ಕಂಡರೆ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಒಯ್ಯಬೇಕೆಂದು ಮನೆಯವರಿಗೆಲ್ಲ ಹೇಳಿಟ್ಟಿದ್ದೇನೆ. ಬದುವಿನ ಮೇಲೆ ಹಗ್ಗವಿಲ್ಲದ ನಡಿಗೆಯ ಅಭ್ಯಾಸ ಯುಗಾದಿಯ ನಂತರ ಆರಂಭವಾಗಲಿದೆ.