ಗವಾಯಿಗಳು ಎಲ್ಲಿ ಕುಳಿತಿದ್ದಾರೆ?

ಭಾನುವಾರ ಮಧ್ಯಾಹ್ನ ಕಾಕಾ ಕೇಳಿದ ಮಾತು ಬುಧವಾರವಾದರೂ ನನ್ನ ಕಿವಿಯಿಂದ ಇಳಿದಿಲ್ಲ. ಕೇಳಿದ್ದು ಇಷ್ಟೇ: “ಗವಾಯಿಗಳು ಎಲ್ಲಿ ಕುಳಿತಿದ್ದಾರೆ?”

ಆಗ ಸಿದ್ಧರಾಮ ಜಂಬಲದಿನ್ನಿಯವರ ವಚನ ಗಾಯನ ನಡೆದಿತ್ತು. ರಾಯಚೂರಿನವರಿಗೆ ಆ ಹೆಸರು ರಂಗಮಂದಿರದ ಬೋರ್ಡಿನ ಮೇಲೆ ದಿನವೂ ಕಾಣುತ್ತದೆ, ದನಿ ಕೇಳಿದವರು ಕಡಿಮೆ. ಕಾಕಾ ಕೇಳಿದವನು, ಅದಕ್ಕೇ ಹಾಕಿದ್ದೆ. ಹೊಸ ಸ್ಪೀಕರುಗಳನ್ನು ತೋರಿಸಿ ಹೊಗಳಿಸಿಕೊಳ್ಳುವ ಆಸೆಯೂ ಇತ್ತೆನ್ನಿ. ಸೊಂಟದ ಮೇಲೆ ಬರುವ ಎರಡು ಕಪ್ಪು ಕಂಬಗಳು, ನನ್ನ ಬಾಕಿ ವೇತನದಲ್ಲಿ ಒಂದೂಕಾಲು ಲಕ್ಷ ನುಂಗಿ ಮನೆಗೆ ಬಂದಿದ್ದವು. ಕಾಕಾ ಸೋಫಾದ ನಟ್ಟನಡುವೆ ಕುಳಿತು ತಲೆಯನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಿರುಗಿಸಿದ. ಬೆನ್ನ ಹಿಂದಿನ ಗೋಡೆಯನ್ನೂ ಒಮ್ಮೆ ನೋಡಿದ. ಆಮೇಲೆ ಈ ಪ್ರಶ್ನೆ.

“ಅವರು ತೀರಿಕೊಂಡು ಎಷ್ಟೋ ವರ್ಷವಾಯಿತಲ್ಲ, ಕಾಕಾ.”

“ಅದು ನನಗೂ ಗೊತ್ತು. ಎಲ್ಲಿ ಕುಳಿತು ಹಾಡುತ್ತಿದ್ದಾರೆ, ಅದನ್ನು ಹೇಳು.”

ಕಾಕಾನಿಗೆ ಎಪ್ಪತ್ತಾರು. ನಮ್ಮ ಮನೆಯ ಕಾಲಿಂಗ್ ಬೆಲ್ಲಿನ ಹಕ್ಕಿಯ ಚಿಲಿಪಿಲಿ ಅವನಿಗೆ ಕೇಳಿಸುವುದೇ ಇಲ್ಲ. ಅಂಥವನು ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ, ಏಕೆಂದರೆ ಗವಾಯಿಗಳು ಎಲ್ಲಿಯೂ ಕುಳಿತಿರಲಿಲ್ಲ. ದನಿ ಇತ್ತು, ಮನುಷ್ಯ ಇರಲಿಲ್ಲ. ಹಳೆಯ ಆ ಧ್ವನಿಮುದ್ರಣ ಮೋನೋ. ಎರಡೂ ಸ್ಪೀಕರುಗಳಿಂದ ಒಂದೇ ದನಿ ಹೊರಡುತ್ತದೆ. ಎಲ್ಲ ಸರಿಯಿದ್ದರೆ ಅದು ಎರಡರ ನಡುವೆ, ಏನೂ ಇಲ್ಲದ ಕಡೆ, ಒಬ್ಬ ಮನುಷ್ಯನಾಗಿ ಬಂದು ಕೂರಬೇಕು. ನಮ್ಮ ಕೋಣೆಯಲ್ಲಿ ಅದು ನೆರೆಮನೆಯ ರೇಡಿಯೊದಂತೆ ಎಲ್ಲೆಲ್ಲಿಂದಲೋ ಬರುತ್ತಿತ್ತು.

ಇದು ನನಗೆ ಮೂರು ವಾರದಿಂದ ಗೊತ್ತಿತ್ತು. ಗೊತ್ತಿದ್ದದ್ದಕ್ಕೆ ನಾನು ಇಟ್ಟ ಹೆಸರು ಮಾತ್ರ ಬೇರೆ: ಬೇಸ್, ಎಂದರೆ ತಗ್ಗಿನ ದನಿ, ಸಾಲದು. ಬೇಸ್ ಸಾಲದಿದ್ದರೆ ಸ್ಪೀಕರನ್ನು ಗೋಡೆಗೆ ಹತ್ತಿರ ತಳ್ಳಬೇಕು, ಗೋಡೆ ಅದನ್ನು ಹೆಚ್ಚಿಸಿ ಕೊಡುತ್ತದೆ. ತಳ್ಳಿದೆ. ಸಾಲಲಿಲ್ಲ, ಎರಡನ್ನೂ ಮೂಲೆಗೇ ಒತ್ತಿದೆ. ಅಲ್ಲಿಗೂ ತಬಲಾದ ಡಗ್ಗಾ ಮಡಕೆಯ ಮೇಲೆ ಬೆರಳು ಬಡಿದಂತೆಯೇ ಕೇಳಿಸುತ್ತಿತ್ತು. ಆಗ ಲೆಕ್ಕಕ್ಕೆ ಕುಳಿತೆ. ನಮ್ಮ ಪಡಸಾಲೆ 12 ಅಡಿಗೆ 12 ಅಡಿ, ಸರಿಚೌಕ. ಉದ್ದ, ಅಗಲ ಒಂದೇ ಆದರೆ ಎರಡೂ ದಿಕ್ಕಿನ ಅನುರಣನ, ಎಂದರೆ ಗೋಡೆಯಿಂದ ಗೋಡೆಗೆ ಬಡಿದು ದನಿ ಹಿಗ್ಗುವುದು, ಒಂದೇ ಸ್ವರದ ಮೇಲೆ ಬಂದು ಬೀಳುತ್ತದೆ. ಇಪ್ಪತ್ತು ಡಿಗ್ರಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ 343 ಮೀಟರ್, ಆ ಲೆಕ್ಕಕ್ಕೆ 47 ಹರ್ಟ್ಸ್. ನಮ್ಮ ಏಪ್ರಿಲ್‌ನ ನಲವತ್ತು ಡಿಗ್ರಿಗೆ ವೇಗ 355ಕ್ಕೆ ಏರುತ್ತದೆ, ಸ್ವರ 48.5ಕ್ಕೆ. ರಾಯಚೂರಿನ ಬಿಸಿಲು ಸಂಗೀತದ ಮೇಲೂ ಕೈಯಾಡಿಸುತ್ತದೆ ಎಂದು ಹೆಂಡತಿಗೆ ವಿವರಿಸಿದೆ. “ಹಾಗಾದರೆ ಫ್ಯಾನ್ ಹಾಕಿ” ಎಂದಳು. ಫ್ಯಾನ್ ಹಾಕಿದರೆ ಸಂಗೀತವಿಲ್ಲ, ಸಂಗೀತ ಹಾಕಿದರೆ ಗಾಳಿಯಿಲ್ಲ. ಕೂಲರಿನ ಮಾತು ಬಿಡಿ.

ಶಹಾಬಾದ್ ಕಲ್ಲಿನ ನೆಲ, ಬೋಳು ಗೋಡೆ. ಚಪ್ಪಾಳೆ ತಟ್ಟಿದರೆ ಝಣ್ ಎನ್ನುತ್ತಿತ್ತು. ನೆಲಕ್ಕೆ ಜಮಖಾನೆ ಹಾಸಿದೆ. ನಮ್ಮ ಅವ್ವ ಹೊಲಿದ ಕೌದಿಯನ್ನು ಮೊಳೆ ಹೊಡೆದು ಗೋಡೆಗೆ ತೂಗುಹಾಕಿದೆ. ಝಣ್ ಹೋಯಿತು, ಮನೆಯಲ್ಲಿ ಎರಡು ದಿನ ಮಾತೂ ಹೋಯಿತು. ಬೆಂಗಳೂರಿನಲ್ಲಿರುವ ಹೆಂಡತಿಯ ತಮ್ಮನಿಗೆ ಫೋನ್ ಮಾಡಿದೆ. ಅವನಿಗೆ ಗೊತ್ತಿಲ್ಲದ ವಿಷಯವೇ ಇಲ್ಲ, ಅದು ಅವನ ದೊಡ್ಡ ತೊಂದರೆ. “ವೈರ್ ಬದಲಿಸಿ, ಮಾವ” ಎಂದು ಮೀಟರಿಗೆ ಸಾವಿರಗಟ್ಟಲೆ ಬೆಲೆಯ ವೈರುಗಳ ಚಿತ್ರ ಕಳಿಸಿದ. ತಾಮ್ರ ತಾಮ್ರವೇ ಎಂದು ನಾನು ಮನಸ್ಸಿನಲ್ಲೇ ನಕ್ಕೆ.

ಇಷ್ಟೆಲ್ಲ ಆದರೂ ಕಾಕಾನನ್ನು ಒಂದು ಮಾತು ಕೇಳಬೇಕೆಂದು ನನಗೆ ತೋಚಲಿಲ್ಲ. ಕಾಕಾ ಮಾನ್ವಿ ಕಡೆಯ ಹಳ್ಳಿಗಳಲ್ಲಿ ನಲವತ್ತು ವರ್ಷ ಮೈಕ್ ಸೆಟ್ ನಡೆಸಿದವನು. ಜಾತ್ರೆ, ಉರುಸು, ಮದುವೆ, ದೊಡ್ಡಾಟ, ಚುನಾವಣೆ, ಏನಿದ್ದರೂ ಬೇವಿನ ಮರಕ್ಕೆ ಹಾರ್ನ್ ಕಟ್ಟುವವನು ಅವನೇ. ಅಪ್ಪ ತಹಶೀಲ್ದಾರ್ ಕಚೇರಿಯಲ್ಲಿ ಗುಮಾಸ್ತ. ತಮ್ಮ ಏನು ಮಾಡುತ್ತಾನೆಂದು ಯಾರಾದರೂ ಕೇಳಿದರೆ “ಊರಲ್ಲಿ ಒಕ್ಕಲುತನ ನೋಡಿಕೊಳ್ಳುತ್ತಾನೆ” ಎನ್ನುತ್ತಿದ್ದ. ಮೈಕ್ ಸೆಟ್ಟಿನ ಸುದ್ದಿ ಎತ್ತುತ್ತಿರಲಿಲ್ಲ. ನನ್ನ ಮದುವೆಯ ಆಲ್ಬಮ್ಮಿನಲ್ಲಿ ಕಾಕಾ ಒಂದು ಫೋಟೊದಲ್ಲೂ ಇಲ್ಲ, ಅವನ ಹಾರ್ನ್ ಮೂರರಲ್ಲಿದೆ. ಅವತ್ತು ಅವನು ಪೆಂಡಾಲಿನ ಹಿಂದೆ ಆಂಪ್ಲಿಫೈಯರ್ ಪಕ್ಕದಲ್ಲಿ ಕುಳಿತಿದ್ದ. ಉಂಡದ್ದು ಸಂಜೆ ನಾಲ್ಕಕ್ಕೆ.

ಭಾನುವಾರ ಕಾಕಾ ಎದ್ದವನೇ “ಇದನ್ನು ಬಂದ್ ಮಾಡು” ಎಂದ. ಆಂಪ್ಲಿಫೈಯರಿನ ಹಿಂದಿನಿಂದ ಎರಡೂ ವೈರುಗಳನ್ನು ಬಿಚ್ಚಿಸಿದ. ಗೋಡೆ ಗಡಿಯಾರ ಇಳಿಸಿ ಅದರ ಸೆಲ್ ತೆಗೆದ. ಸ್ಪೀಕರಿನ ಮುಂದಿನ ಬಟ್ಟೆಯ ಜಾಲರಿ ಕಳಚಿಸಿ, ನನ್ನ ಬೆರಳುಗಳನ್ನು ಹಿಡಿದು ದೊಡ್ಡ ಕೋನಿನ ಮೇಲೆ ಹಗುರವಾಗಿ ಇರಿಸಿದ. ಗುರುತಿದ್ದ ಎಳೆಯನ್ನು ಸೆಲ್ಲಿನ ಪ್ಲಸ್ಸಿಗೆ, ಇನ್ನೊಂದನ್ನು ಮೈನಸ್ಸಿಗೆ ಮುಟ್ಟಿಸಿದ. ಟಪ್. ಕೋನ್ ನನ್ನ ಬೆರಳನ್ನು ಹೊರಕ್ಕೆ ತಳ್ಳಿತು. ಬಲಗಡೆಯದಕ್ಕೂ ಹಾಗೆಯೇ ಮಾಡಿದ. ಟಪ್. ಅದು ಒಳಕ್ಕೆ ಸರಿಯಿತು.

“ಒಂದು ಉಸಿರು ಬಿಡುವಾಗ ಇನ್ನೊಂದು ಎಳೆದುಕೊಳ್ಳುತ್ತಿದೆ. ಹೀಗಾದರೆ ಸಂಸಾರ ಹೇಗೆ ನಡೆಯುತ್ತದೆ?” ಎಂದ. ಹೆಂಡತಿ ಅಡುಗೆಮನೆಯಿಂದ ಇಣುಕಿ ನನ್ನ ಮುಖ ನೋಡಿದಳು.

ತಪ್ಪು ನನ್ನದೇ. ಅಂಗಡಿಯವರು ಕೊಟ್ಟ ವೈರ್ ಬಲಗಡೆಗೆ ಮುಟ್ಟದೆ, ಇಲ್ಲಿಯೇ ಒಂದು ಚಪ್ಪಟೆ ವೈರ್ ತಂದು ಟೇಬಲ್ಲಿನ ಕೆಳಗಿನ ಕತ್ತಲೆಯಲ್ಲಿ ನಾನೇ ಜೋಡಿಸಿದ್ದೆ. ಪ್ಲಸ್ ಯಾವುದೆಂದು ತೋರಿಸುವ ಸಣ್ಣ ಗೀರು ಎಲ್ಲೋ ಹೊರಳಿದೆ. ಒಂದು ಸ್ಪೀಕರ್ ಗಾಳಿಯನ್ನು ನೂಕುವಾಗ ಇನ್ನೊಂದು ಎಳೆದರೆ ಬೇಸ್ ಹೇಗೆ ಉಳಿದೀತು? 50 ಹರ್ಟ್ಸಿನ ಅಲೆ ಏಳು ಮೀಟರ್ ಉದ್ದ. ಕೆಲವೇ ಅಡಿ ದೂರದ ಎರಡು ಸ್ಪೀಕರುಗಳ ನಡುವೆ ಅದು ಒಂದನ್ನೊಂದು ತಿಂದುಹಾಕುತ್ತದೆ. ಈ ಪಾಠವನ್ನು ನಾನು ಪ್ರಥಮ ಪಿಯುಸಿ ಮಕ್ಕಳಿಗೆ ಪ್ರತಿವರ್ಷ ಮಾಡುತ್ತೇನೆ, ಬೋರ್ಡಿನ ಮೇಲೆ ಎರಡು ಬಣ್ಣದ ಸೀಮೆಸುಣ್ಣದಲ್ಲಿ. ಮೂರು ವಾರ ತಪ್ಪನ್ನು ಅಪ್ಪ ಕಟ್ಟಿಸಿದ ಚೌಕ ಕೋಣೆಯ ಮೇಲೆ ಹೊರಿಸಿದೆ, ಕಲ್ಲಿನ ಮೇಲೆ ಹೊರಿಸಿದೆ, ಬಿಸಿಲನ್ನೂ ಬಿಡಲಿಲ್ಲ.

ವೈರ್ ತಿರುಗಿಸಿ ಮತ್ತೆ ಜೋಡಿಸಬೇಕು ಎನ್ನುವಷ್ಟರಲ್ಲಿ ಕರೆಂಟು ಹೋಯಿತು. ರಾಜ್ಯಕ್ಕೆಲ್ಲ ವಿದ್ಯುತ್ ಕಳಿಸುವ ಶಕ್ತಿನಗರ ನಮ್ಮ ಪಕ್ಕದಲ್ಲೇ ಇದೆ, ದೀಪದ ಬುಡದಲ್ಲಿ ಕತ್ತಲೆ. ಬೆವರು ಒರೆಸಿಕೊಳ್ಳುತ್ತ ಕುಳಿತಾಗ ಕಾಕಾ ಒಂದು ಹಳೆಯ ದೊಡ್ಡಾಟದ ಸಂಗತಿ ಹೇಳಿದ. ಅಟ್ಟದ ಎರಡೂ ಬದಿ ಹಾರ್ನ್ ಕಟ್ಟಿದ್ದನಂತೆ, ಒಂದರ ಪ್ಲಸ್ ಮೈನಸ್ ಅದಲುಬದಲಾಗಿತ್ತು. ನಟ್ಟನಡುವೆ, ಗೌಡರು ಕುಳಿತಿದ್ದ ಕಡೆಯೇ, ಭೀಮನ ಮಾತು ಸತ್ತುಹೋಗುತ್ತಿತ್ತು. ಭೀಮ ಗಂಟಲು ಹರಿಯುವಂತೆ ಕೂಗಿದ.

“ಜನ ಬೈದದ್ದು ಭೀಮನಿಗೆ. ನನಗೆ ಯಾರೂ ಏನೂ ಅನ್ನಲಿಲ್ಲ. ಮೈಕಿನವನೊಬ್ಬ ಇದ್ದಾನೆಂದು ಯಾರಿಗೂ ನೆನಪಿರುವುದಿಲ್ಲ.” ಅಲ್ಲಿಂದ ಮುಂದೆ ಪ್ರತಿ ಕಾರ್ಯಕ್ರಮಕ್ಕೂ ಮೊದಲು ಜನ ಕೂರುವ ಜಾಗಕ್ಕೆ ಹೋಗಿ, ಕುಳಿತು, ದನಿ ಎಲ್ಲಿಂದ ಬರುತ್ತಿದೆಯೆಂದು ಕೇಳಿಯೇ ಅವನು ಆಂಪ್ಲಿಫೈಯರ್ ಹತ್ತಿರ ಮರಳುತ್ತಿದ್ದನಂತೆ. ನಮ್ಮ ಸೋಫಾದ ಮೇಲೆ ಮಾಡಿದ್ದೂ ಅದನ್ನೇ.

ಕರೆಂಟು ಬಂತು. ಹಾಡು ಹಾಕಿದೆ. ಟಿವಿ ಸ್ಟ್ಯಾಂಡಿನ ಮೇಲೆ, ಖಾಲಿ ಗೋಡೆಯ ಮುಂದೆ, ದನಿ ಬಂದು ನೆಲೆನಿಂತಿತು. “ಈಗ ಕುಳಿತರು” ಎಂದ ಕಾಕಾ.

ಆದರೆ ಸತ್ತಿದ್ದ ಬೇಸ್ ಈಗ ಬಡ್ಡಿಸಮೇತ ಬಂತು. ಮೂಲೆಗೆ ಒತ್ತಿದ್ದೆನಲ್ಲ, ಡಗ್ಗಾ ಗುಡುಗತೊಡಗಿತು, ಅಲಮಾರಿಯ ಗಾಜು ನಡುಗಿತು. ಅಂಗೈ ಅಗಲದಷ್ಟು ಮುಂದಕ್ಕೆ ಎಳೆಯುವುದು, ಸೀಮೆಸುಣ್ಣದ ಗೀಟು ಹಾಕುವುದು, ಕುಳಿತು ಕೇಳುವುದು. ಗೋಡೆಯಿಂದ ಎರಡೂವರೆ ಅಡಿ ಈಚೆಗೆ ಬಂದಾಗ ಗುಡುಗು ನಿಂತಿತು. ಎರಡರ ನಡುವೆ ಆರು ಅಡಿ, ಅಲ್ಲಿಂದ ನಮ್ಮ ತಲೆಗೂ ಹೆಚ್ಚುಕಡಿಮೆ ಅಷ್ಟೇ. ಮುಖ ತುಸು ಒಳಕ್ಕೆ ತಿರುಗಿಸಿದೆವು. ಹಿಂಗೋಡೆಗೆ ಅಂಟಿದ್ದ ಸೋಫಾವನ್ನು ಎರಡು ಅಡಿ ಮುಂದಕ್ಕೆ ತಂದದ್ದರಿಂದ ಅಡುಗೆಮನೆಯ ದಾರಿ ಕಿರಿದಾಯಿತು, ಅದರ ಮಾತುಕತೆ ಇನ್ನೂ ನಡೆದಿದೆ. ಕೌದಿಯನ್ನು ಕಾಕಾ ತಾನೇ ಇಳಿಸಿ, ಮಡಚಿ, “ಇದು ಅತ್ತಿಗೆಯ ಕೈಯದು” ಎಂದು ಸೊಸೆಯ ಕೈಗೆ ಕೊಟ್ಟ. ಝಣ್ ಸ್ವಲ್ಪ ಮರಳಿದೆ. ಇರಲಿ.

ಸಂಜೆ ಬಸ್ ಹತ್ತಿಸಲು ಹೋದಾಗ, ಬೇಸಿಗೆ ರಜೆಯಲ್ಲಿ ನಾಲ್ಕು ದಿನ ಬಂದಿರು ಎಂದೆ. ನೋಡೋಣ ಎಂದ. ನಿನಗೆ ಮೊದಲೇ ಫೋನ್ ಮಾಡಬೇಕಿತ್ತು ಎನ್ನುವ ಮಾತು ಬಾಯಿಗೆ ಬಂದಿತ್ತು. ಬಸ್ ಹೊರಟಿತು.

ನಿನ್ನೆ ರಾತ್ರಿ ಬೆಂಗಳೂರಿನಿಂದ ಫೋನ್. “ವೈರ್ ಬದಲಿಸಿದಿರಾ, ಮಾವ?”

“ಬದಲಿಸಿದೆ.”

“ಫರಕ್ ಆಯಿತೋ ಇಲ್ಲವೋ?”

“ಆಯಿತಪ್ಪಾ, ಬಹಳ ಆಯಿತು” ಎಂದೆ.